ಸಲಹೆ ಕೊಡದ ಕೌನ್ಸೆಲರ್ ಹತ್ತಿರ ಇನ್ನೂ ಯಾಕೆ ಹೋಗ್ತಿದ್ದೇನೆ

ಹೆಸರು ಹಾಕುವುದಿಲ್ಲ, ಕೇಳಬೇಡಿ. ಬೆಂಗಳೂರಿನಲ್ಲಿ ಕೂರುವ ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಸಾಕು. ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇದೆ, ಅದನ್ನು ಮೊದಲು ನೋಡಿಕೊಂಡೇ ಹೋಗಿದ್ದು, ಯಾಕೆಂದರೆ ನಮ್ಮಲ್ಲಿ ಬೋರ್ಡ್ ತೂಗುಹಾಕಿದವರೆಲ್ಲ ಕೌನ್ಸೆಲರ್‌ಗಳೇ. ಇವರು ಮಾತ್ರೆ ಬರೆಯುವುದಿಲ್ಲ. ಅದು ಬೇಕಿದ್ದರೆ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸ್ತಾರೆ.

ಮೊದಲ ಕೆಲವು ವಾರ ನನಗೆ ಸಿಟ್ಟೇ ಬಂದಿತ್ತು. "ಮೇಡಂ, ನಾನು ಕೆಲಸ ಬಿಡಲಾ ಬೇಡ್ವಾ?" ಅಂದರೆ, "ಬಿಟ್ಟರೆ ಏನಾಗುತ್ತೆ ಅನ್ಸುತ್ತೆ ನಿಮಗೆ?" ಅನ್ನೋರು. ದುಡ್ಡು ಕೊಟ್ಟು ನಾನೇ ಉತ್ತರ ಹೇಳಬೇಕಾ ಅನ್ನಿಸ್ತಿತ್ತು. ನಾನು ಸುಮ್ಮನಾದರೆ ಅವರೂ ಸುಮ್ಮನೆ ಕೂರ್ತಾರೆ, ಗಡಿಯಾರ ನೋಡಲ್ಲ, ಕೆಮ್ಮಿ ಮಾತು ತೆಗೆಯಲ್ಲ. ಆ ಮೌನ ಮೊದಮೊದಲು ಹಿಂಸೆ. ಈಗ ನೋಡಿದರೆ ಮುಖ್ಯವಾದ ಮಾತೆಲ್ಲ ಅದರ ಆಚೆಗೇ ಬಾಯಿಗೆ ಬಂದಿದ್ದು.

ಅವರ ವಿಧಾನ ಹೆಚ್ಚಾಗಿ ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ಮತ್ತು ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ. 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ರೂಪಿಸಿದ್ದು, ಘಟನೆಗಿಂತ ಅದರ ಬಗ್ಗೆ ತಲೆಯಲ್ಲಿ ಥಟ್ಟನೆ ಏಳುವ ಯೋಚನೆ ನಮ್ಮನ್ನು ಜಾಸ್ತಿ ಕಾಡುತ್ತೆ ಅನ್ನೋದು ಅದರ ಬುಡ. ಹೋಂವರ್ಕ್ ಕೊಡ್ತಾರೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯಬೇಕು: ಏನಾಯ್ತು, ಏನು ಅನ್ನಿಸ್ತು, ಎಷ್ಟು ನಂಬ್ತೀರಿ, ಅದಕ್ಕೆ ಪುರಾವೆ ಏನು, ಅದರ ವಿರುದ್ಧ ಏನು. ಒಮ್ಮೆ ಮ್ಯಾನೇಜರ್ ಶುಕ್ರವಾರ ಸಂಜೆ "ಸೋಮವಾರ ಸ್ವಲ್ಪ ಮಾತಾಡಬೇಕು" ಅಂತ ಮೆಸೇಜ್ ಹಾಕಿದ್ರು. ಬರೆದೆ: ಕೆಲಸ ಹೋಯ್ತು, ನಂಬಿಕೆ ನೂರಕ್ಕೆ 95. ಪುರಾವೆ ಅಂತ ಬರೆಯಲು ಕೂತರೆ ಆ ಒಂದು ಮೆಸೇಜ್ ಬಿಟ್ಟು ಇನ್ನೇನೂ ಇಲ್ಲ! ವಿರುದ್ಧದ ಕಡೆ, ಹೋದ ತಿಂಗಳಷ್ಟೇ ಹೊಸ ಪ್ರಾಜೆಕ್ಟ್ ನನ್ನ ಕೈಗೆ ಕೊಟ್ಟಿದ್ದು. ನಂಬಿಕೆ 50ಕ್ಕೆ ಇಳಿಯಿತು. ಸೊನ್ನೆ ಆಗಲಿಲ್ಲ, ಆದರೆ ಆ ಶನಿವಾರ ಊಟ ಸೇರಿತು. (ಸೋಮವಾರದ ವಿಷಯ ರಜೆ ಪಟ್ಟಿ.)

ಇನ್ನೊಂದು, ಕನ್ನಡ. ಮೊದಲು ಬೇರೊಬ್ಬರ ಹತ್ತಿರ ಪೂರ್ತಿ ಇಂಗ್ಲಿಷಿನಲ್ಲಿ ಮಾತಾಡಿ ಬರ್ತಿದ್ದೆ. ಅಮ್ಮನ ಮೇಲಿನ ಕೋಪವನ್ನು ಇಂಗ್ಲಿಷಿನಲ್ಲಿ ಹೇಳೋದು ಆಫೀಸಿನಲ್ಲಿ ಪ್ರೆಸೆಂಟೇಶನ್ ಕೊಟ್ಟ ಹಾಗೆ, ಎಲ್ಲ ನೀಟಾಗಿರುತ್ತೆ, ಅಳು ಮಾತ್ರ ಬರಲ್ಲ.

ಅಮ್ಮ ಅಂದಾಗ ನೆನಪಾಯ್ತು. ಒಂದು ಸಲ ಅಮ್ಮ ಹೇಗೋ ನಂಬರ್ ಹುಡುಕಿ ಇವರಿಗೇ ಫೋನ್ ಮಾಡಿ, "ನಮ್ಮ ಹುಡುಗಿ ನಮ್ಮ ಬಗ್ಗೆ ಏನು ಹೇಳ್ತಾಳಮ್ಮಾ?" ಅಂತ ಕೇಳಿದಾರೆ. ಇವರು, ನಾನು ಅಲ್ಲಿಗೆ ಬರ್ತೀನಿ ಅಂತಲೂ ಒಪ್ಪಿಲ್ಲ, ಬರಲ್ಲ ಅಂತಲೂ ಹೇಳಿಲ್ಲ. ಮುಂದಿನ ಸಲ ಹೋದಾಗ ಬಾಗಿಲು ಹಾಕಿದ ಕೂಡಲೇ, ಹೀಗೆ ಫೋನ್ ಬಂದಿತ್ತು ಅಂತ ನನಗೆ ತಿಳಿಸಿದ್ರು. ಗೋಪ್ಯತೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇರುವ ಹಕ್ಕು ನಿಜ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಬೇರೆಯವರಿಗೆ ಹೇಳ್ತೀನಿ ಅಂತ ಮೊದಲ ದಿನವೇ ಹೇಳಿದ್ದರು. ಆದರೂ ಬಂಧುಬಳಗ ಕೇಳಿದಾಗ ಬಾಯಿ ಬಿಗಿ ಹಿಡಿಯುವವರು ನಮ್ಮೂರಲ್ಲಿ ಕಡಿಮೆ ಅಲ್ವಾ. ನನಗೆ ಪೂರ್ತಿ ನಂಬಿಕೆ ಬಂದಿದ್ದು ಅವತ್ತು.

ತಕರಾರುಗಳೂ ಇವೆ. ಫೀಸ್ ಜಾಸ್ತಿ, ನನ್ನ ಇನ್ಶೂರೆನ್ಸ್‌ನಲ್ಲಿ ಒಪಿಡಿ (ಆಸ್ಪತ್ರೆಗೆ ಸೇರದೆ ತೋರಿಸಿಕೊಳ್ಳುವ ಖರ್ಚು) ಇಲ್ಲ, ಹಾಗಾಗಿ ಪೂರ್ತಿ ಕೈಯಿಂದಲೇ. ಹಿಂದಿನ ದಿನದೊಳಗೆ ಹೇಳದೆ ತಪ್ಪಿಸಿದರೆ ಪೂರ್ತಿ ಹಣ, ಜ್ವರ ಬಂದಿದ್ದರೂ ಸರಿ. ನಡುವೆ ಮೆಸೇಜ್ ಹಾಕಿದರೆ "ಗುರುವಾರ ಮಾತಾಡೋಣ" ಅಂತ ಒಂದೇ ಸಾಲು. ರಾತ್ರೋರಾತ್ರಿ ಯಾರಾದರೂ ಬೇಕೇ ಬೇಕು ಅನ್ನುವವರಿಗೆ ಇವರು ಆಗಿಬರಲ್ಲ. ಅದಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ, ಆ ನಂಬರ್ ನನಗೆ ಬರೆದುಕೊಟ್ಟವರೂ ಇವರೇ. "ಹೀಗೆ ಮಾಡಿ" ಅಂತ ಹೇಳುವವರು ಬೇಕಿದ್ದರೂ ಬೇರೆ ಕಡೆ ನೋಡಿ.

ವಾರಕ್ಕೊಮ್ಮೆ ಹೋಗ್ತಿದ್ದವಳು ಈಗ ತಿಂಗಳಿಗೊಮ್ಮೆ ಹೋಗ್ತೇನೆ. ಕಡಿಮೆ ಮಾಡೋಣ ಅಂದಿದ್ದು ಅವರು, ಬೇಡ ಅಂತ ವಾದ ಮಾಡಿದ್ದು ನಾನು.