ಕಲಬುರಗಿಯ ವೀಸಾ ಕನ್ಸಲ್ಟೆನ್ಸಿ: ಸಲಹೆ ಚೆನ್ನಾಗಿದೆ, ಫೀಸಿನ ಲೆಕ್ಕ ಸರಿಯಿಲ್ಲ

ನಮ್ಮ ಯಜಮಾನರಿಗೆ ದುಬೈನಿಂದಲೂ ಜರ್ಮನಿಯಿಂದಲೂ ಕೆಲಸದ ಆಫರ್ ಬಂದಿತ್ತು. ಹೈದರಾಬಾದಿಗೋ ಬೆಂಗಳೂರಿಗೋ ಯಾಕೆ ಓಡೋದು ಅಂತ ಕಲಬುರಗಿಯಲ್ಲೇ ಒಂದು ವೀಸಾ ಕನ್ಸಲ್ಟೆನ್ಸಿಗೆ ಹೋದೆವು.

ಅಲ್ಲಿದ್ದ ಮೇಡಂ ಸಂಬಳದ ಮಾತು ಆಮೇಲೆ ಅಂದರು, ಮೊದಲು ಮಕ್ಕಳ ವಯಸ್ಸು ಕೇಳಿದರು. ಇದು ನನಗೆ ತುಂಬಾ ಹಿಡಿಸಿತು. ದುಬೈನಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ತಿಂಗಳಿಗೆ 4,000 ದಿರ್ಹಮ್, ಇಲ್ಲವೇ 3,000 ಜೊತೆಗೆ ಮನೆ ಇದ್ದರೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು. ಆದರೆ ಶಾಲೆ ಫೀಸು ನಾವೇ ಕಟ್ಟಬೇಕು, ಗಂಡನ ಕೆಲಸ ಹೋದರೆ ಎಲ್ಲರ ವೀಸಾಕ್ಕೂ ಕುತ್ತು ಬರುತ್ತದೆ ಅಲ್ವಾ?

ಜರ್ಮನಿಯಲ್ಲಿ ತೆರಿಗೆ ಜಾಸ್ತಿ, ಸರ್ಕಾರಿ ಶಾಲೆಗೆ ಫೀಸಿಲ್ಲ. ಬ್ಲೂ ಕಾರ್ಡ್ (ಹೆಚ್ಚು ಓದಿದ ವಿದೇಶಿ ನೌಕರರಿಗೆ ಕೊಡುವ ವಾಸ-ಕೆಲಸದ ಪರವಾನಗಿ) ಇದ್ದವರ ಹೆಂಡತಿ ವೀಸಾಕ್ಕೆ ಜರ್ಮನ್ ಪರೀಕ್ಷೆ ಬರೆಯಬೇಕಿಲ್ಲ, ಹೋದ ಮೇಲೆ ಕೆಲಸವನ್ನೂ ಮಾಡಬಹುದು, ಗಂಡ 27 ತಿಂಗಳ ನಂತರ, ಬಿ1 ಅಂದರೆ ಮಧ್ಯಮ ಮಟ್ಟದ ಜರ್ಮನ್ ಭಾಷೆ ಬಂದರೆ 21 ತಿಂಗಳಿಗೇ, ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ನನ್ನ ನೌಕರಿಯೂ ಮುಖ್ಯ. ಹಾಗಾಗಿ ಜರ್ಮನಿಯನ್ನೇ ಆರಿಸಿಕೊಂಡೆವು.

ಬೇಜಾರಾಗಿದ್ದು ದುಡ್ಡಿನ ವಿಷಯಕ್ಕೆ. ಪೂರ್ತಿ ಫೀಸು ಮೊದಲೇ ಕೇಳಿದರು, ರಸೀದಿ ಮಾತ್ರ ಕೇಳಿ ಕೇಳಿ ತಗೋಬೇಕಾಯಿತು. ಇದು ತಪ್ಪು, ಜನ ಸಾಲ ಮಾಡಿ ದುಡ್ಡು ತರುತ್ತಾರೆ.

ಇನ್ನೊಂದು ಮಾತು. ಇವರದು ವೀಸಾ ಸಲಹೆ ಮಾತ್ರ. ಯಾರಾದರೂ ಕೆಲಸವನ್ನೇ ಕೊಡಿಸುತ್ತೇನೆ ಅಂದರೆ ಸುಮ್ನೆ ನಂಬಬೇಡಿ, ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಅವರ ನೋಂದಣಿ ಇದೆಯಾ ನೋಡಿ. ನೋಂದಣಿ ಇರುವ ಏಜೆಂಟ್ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ತಗೊಳ್ಳುವಂತಿಲ್ಲ.