ತೀರ್ಥಹಳ್ಳಿ ಕಡೆ ಮನೇಲಿ ಮಾಡೋ ಊಬೆ ಹಲಾಯಾ: ಬಣ್ಣ ಮಂಕು, ರುಚಿ ಭರ್ತಿ

ಫೋನ್ ತೆಗೆದ್ರೆ ಸಾಕು, ಊಬೆ ಲಾಟೆ, ಊಬೆ ಚೀಸ್‌ಕೇಕ್, ಊಬೆ ಡೋನಟ್, ಎಲ್ಲಾ ಕಣ್ಣು ಕುಕ್ಕೋ ನೇರಳೆ. ಬೆಂಗಳೂರಲ್ಲಿ ಒಂದು ಕೆಫೆಲಿ ಮುನ್ನೂರು ಚಿಲ್ಲರೆ ಕೊಟ್ಟು ಕುಡ್ದಿದ್ದೆ, ಎಸೆನ್ಸ್ ಮತ್ತೆ ಸಕ್ಕರೆ ಬಿಟ್ರೆ ಎಂತದೂ ಇರ್ಲಿಲ್ಲ ಅದ್ರಲ್ಲಿ. ಹಾಗಾಗಿ ತೀರ್ಥಹಳ್ಳಿ ಹತ್ರ ಯಾರೋ ಒಬ್ರು ಅಕ್ಕ ಮನೇಲೇ ಊಬೆ ಹಲಾಯಾ ಮಾಡಿ ಮಾರ್ತಾರಂತೆ ಅಂತ ಅತ್ತಿಗೆ ಹೇಳಿದಾಗ ನಂಗೆ ದೊಡ್ಡ ಆಸೆ ಏನೂ ಇರ್ಲಿಲ್ಲ, ಆದ್ರೂ ಗೆಣಸು ಅವ್ರ ತೋಟದ್ದೇ ಅಂತ ಕೇಳಿ ತರಿಸ್ದೆ.

ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ತೀನಿ. ಹಲಾಯಾ ಅಂದ್ರೆ ಫಿಲಿಪ್ಪೀನ್ಸ್‌ನೋರ ಮನೆಮನೆ ಸ್ವೀಟು. ಊಬೆ ಅನ್ನೋ ನೇರಳೆ ಗೆಣಸನ್ನ ಬೇಯ್ಸಿ, ಸಿಪ್ಪೆ ತೆಗ್ದು, ತುರ್ದು ಇಲ್ಲಾ ನುಣ್ಣಗೆ ಹಿಸುಕಿ, ತೆಂಗಿನಹಾಲು, ಕಂಡೆನ್ಸ್ಡ್ ಮಿಲ್ಕು, ಬೆಣ್ಣೆ ಎಲ್ಲಾ ಹಾಕಿ ಸಣ್ಣ ಉರೀಲಿ ತಿರುವ್ತಾನೇ ಇರ್ಬೇಕು, ತಳ ಬಿಟ್ಟು ಉಂಡೆ ಆಗೋವರೆಗೂ, ಮಧ್ಯ ಫೋನ್ ಬಂತು ಅಂತ ಕೈ ಬಿಟ್ರೆ ಸೀದು ಹೋಯ್ತು ಅಂತಲೇ ಲೆಕ್ಕ. ಅಲ್ಲಿ ಕ್ರಿಸ್‌ಮಸ್‌ಗೆ, ಊರ ಹಬ್ಬಕ್ಕೆ ದೊಡ್ಡ ಬಾಣಲೆ ಇಟ್ಟು ಮಾಡ್ತಾರೆ. ತೆಂಗಿನಹಾಲು ಕಾಯ್ಸಿ ಕಾಯ್ಸಿ ಕೊನೆಗೆ ಉಳಿಯೋ ಕಂದು ಗಸಿ ಇರುತ್ತಲ್ಲ, ಲಾತಿಕ್ ಅಂತಾರೆ, ಅದನ್ನ ಮೇಲೆ ಉದುರಿಸ್ತಾರೆ, ಕೆಲವ್ರು ಚೀಸ್ ತುರಿದು ಹಾಕ್ತಾರೆ. ಹಾಲೋ-ಹಾಲೋ ಅಂತ ಪುಡಿ ಐಸಿಗೆ ಹಾಲು, ಬೇಯಿಸಿದ ಕಾಳು, ಸಾಬಕ್ಕಿ ಎಲ್ಲಾ ಹಾಕಿ ಕೊಡ್ತಾರಲ್ಲ, ಅದ್ರ ಮೇಲೂ ಇದು ಒಂದು ಚಮಚ ಬೀಳುತ್ತೆ.

ಊಬೆ ಸಿಹಿಗೆಣಸೂ ಅಲ್ಲ, ಕೆಸುವಿನ ಗಡ್ಡೆನೂ ಅಲ್ಲ, ಇಂಟರ್ನೆಟ್‌ನಲ್ಲಿ ಮೂರನ್ನೂ ಕಲಸಿಬಿಟ್ಟಿದಾರೆ. ಡಯಾಸ್ಕೋರಿಯಾ ಅಲಾಟಾ ಅದ್ರ ಸೈಂಟಿಫಿಕ್ ಹೆಸ್ರು, ನಮ್ಮಲ್ಲಿ ತೂಣಗೆಣಸು ಅಂತ ಮರಕ್ಕೆ, ಬೇಲಿಗೆ ಬಳ್ಳಿ ಹಬ್ಬಿಸಿರ್ತಾರಲ್ಲ ಅದೇ. ಬಿಳಿ ತಿರುಳಿಂದೂ ಇದೆ, ನೇರಳೆದೂ ಇದೆ. ಜೋಯಿಡಾದಲ್ಲಿ ಗೆಡ್ಡೆಗೆಣಸು ಮೇಳಕ್ಕೆ ಹೋದೋರು ಕುಣಬಿಗಳು ತಂದಿಟ್ಟಿರೋ ರಾಶಿಲಿ ನೋಡೇ ಇರ್ತೀರಿ. ಡಬ್ಬಿ ನೋಡಿದ್ದೇ ನಮ್ಮಮ್ಮ "ಅಯ್ಯ, ತೂಣಗೆಣಸಿಗೆ ಇಷ್ಟು ದುಡ್ಡು ಕೊಟ್ಯನಾ, ಹಿತ್ತಲಲ್ಲಿ ಅಗೆದ್ರೆ ಸಿಕ್ತಿರ್ಲಿಲ್ವಾ" ಅಂದ್ರು. ಹಿತ್ತಲಲ್ಲಿ ಇರೋದು ಬಿಳಿದು, ಮತ್ತೆ ಗಂಟೆಗಟ್ಲೆ ತಿರುವೋರು ಯಾರು ಅಂತ ಕೇಳಿದ್ಮೇಲೆ ಸುಮ್ನಾದ್ರು.

ಈ ಅಕ್ಕನ ಮಗಳು ದುಬೈಲಿ ನರ್ಸು, ಅಲ್ಲಿ ರೂಮ್‌ಮೇಟ್ ಫಿಲಿಪ್ಪೀನೋ ಹುಡುಗಿ, ವಿಡಿಯೋ ಕಾಲ್‌ನಲ್ಲಿ ಹೇಳಿಕೊಟ್ಟಿದ್ದಂತೆ. ಕಾಲು ಕೆಜಿ ಡಬ್ಬಿಗೆ 240 ರೂಪಾಯಿ.

ಈಗ ವಿಷಯಕ್ಕೆ ಬರ್ತೀನಿ. ಮುಚ್ಚಳ ತೆಗೆದಾಗ ಫೋಟೋಲಿ ಬರೋ ಆ ಝಗಮಗ ನೇರಳೆ ಇಲ್ಲ, ಬೂದಿ ಮಿಶ್ರ ನೇರಳೆ, ಸ್ವಲ್ಪ ಮಂಕು. ತುಂಬಾ ಜನ ಇಲ್ಲೇ ಮುಖ ಸಿಂಡರಿಸ್ತಾರೆ ಅಂತ ಅಕ್ಕನೇ ಹೇಳಿದ್ರು, "ಕಲರ್ ಹಾಕ್ರೀ, ಓಡುತ್ತೆ" ಅಂತ ಒಬ್ರು ಬೇಕರಿಯೋರು ಬುದ್ಧಿ ಹೇಳಿದ್ರಂತೆ. ಹಾಕಿಲ್ಲ ಅನ್ನೋದೇ ನಂಗೆ ಇಷ್ಟ ಆಗಿದ್ದು. ಅನುಮಾನ ಇದ್ರೆ ಒಂದು ಚಮಚ ಪಕ್ಕಕ್ಕೆ ತೆಗ್ದು ಎರಡು ಹನಿ ನಿಂಬೆಹಣ್ಣು ಹಿಂಡಿ ನೋಡಿ. ಗೆಣಸಿನ ಬಣ್ಣ ಆಂಥೋಸಯನಿನ್, ಹುಳಿ ತಾಗಿದ್ರೆ ಕೆಂಪಿನ ಕಡೆ ತಿರುಗುತ್ತೆ, ಅಡುಗೆ ಸೋಡಾ ತಾಗಿದ್ರೆ ನೀಲಿ ಕಡೆ. ಇದು ನಿಂಬೆಹುಳಿಗೆ ಚೆಂದ ಗುಲಾಬಿ ಆಯ್ತು.

ಬಣ್ಣದ ಮಾತು ಬಂತು ಅಂತ ಹೇಳ್ತೀನಿ, ಫಿಲಿಪ್ಪೀನ್ಸ್‌ನ ಬಾಗಿಯೊ ಅನ್ನೋ ಗುಡ್ಡದ ಊರಲ್ಲಿ ಗುಡ್ ಶೆಫರ್ಡ್ ಅಂತ ಸಿಸ್ಟರ್‌ಗಳ ಕಾನ್ವೆಂಟ್ ಇದೆ, ಅವ್ರ ಊಬೆ ಜಾಮ್ ತಗೊಳ್ದೆ ಅಲ್ಲಿಂದ ಯಾರೂ ವಾಪಸ್ ಬರಲ್ಲ ಅಷ್ಟು ಫೇಮಸ್ಸು, ಆ ದುಡ್ಡಲ್ಲಿ ಅಲ್ಲಿನ ಬೆಟ್ಟದ ಊರಿನ ಮಕ್ಕಳನ್ನ ಓದಿಸ್ತಾರೆ. 2021ರ ಸುಮಾರಿಗೆ ನೇರಳೆ ಊಬೆ ಸಾಕಷ್ಟು ಸಿಗದೇ ಹೋದಾಗ ಅವ್ರು ಬಣ್ಣ ಬೆರೆಸಿ ಮೋಸ ಮಾಡೋಕೆ ಹೋಗ್ಲಿಲ್ಲ, ಬಿಳಿ ಊಬೆದೇ ಜಾಮ್ ಮಾಡಿ, ಬಿಳಿ ಅಂತಲೇ ಹೇಳಿ ಮಾರಿದ್ರು! ಬೊಹೋಲ್ ದ್ವೀಪದಲ್ಲಂತೂ ಕಿನಾಂಪಾಯ್ ಅಂತ ಪರಿಮಳಕ್ಕೇ ಹೆಸ್ರಾದ ಒಂದು ತಳಿ ಇದೆ, ಅಲ್ಲಿಯೋರು ಗೆಣಸು ಕೈತಪ್ಪಿ ಕೆಳಗೆ ಬಿದ್ರೆ ಎತ್ತಿ ಮುತ್ತು ಕೊಡ್ತಾರೆ, ನಾವು ಪುಸ್ತಕ ಕಾಲಿಗೆ ತಾಗಿದ್ರೆ ಕಣ್ಣಿಗೆ ಒತ್ತಿಕೊಳ್ತೀವಲ್ಲ ಹಾಗೆ.

ರುಚಿ. ಮೊದಲ ಚಮಚಕ್ಕೆ ತೆಂಗಿನಹಾಲು ಗೊತ್ತಾಗುತ್ತೆ, ಗೆಣಸಿನ ಪರಿಮಳ ಆಮೇಲೆ ನಿಧಾನಕ್ಕೆ ಬರುತ್ತೆ, ಸ್ವಲ್ಪ ವೆನಿಲ್ಲಾ ಕಡೆದು ಸ್ವಲ್ಪ ಹುರಿದ ಬೀಜದ ಕಡೆದು. ಹಾಲ್ಬಾಯಿ ಹಾಗೆ ಕಟ್ ಮಾಡೋಕೆ ಬರಲ್ಲ, ಚಮಚದಲ್ಲಿ ತೆಗೆದ್ರೆ ನಿಲ್ಲುತ್ತೆ ಅಷ್ಟೇ, ನಾಲಿಗೆಗೆ ಸಣ್ಣ ತರಿ ಸಿಗುತ್ತೆ. ಮಿಕ್ಸಿಗೆ ಹಾಕಿ ಪೇಸ್ಟ್ ಮಾಡಿದ್ರೆ ಆ ತರಿ ಇರಲ್ಲ, ಇವ್ರು ತುರಿಯೋದು. ಚಿಕ್ಕಪ್ಪನ ಮಗ ಫಿಲಿಪ್ಪೀನ್ಸ್‌ನ ದವಾವೊದಲ್ಲಿ ಮೆಡಿಕಲ್ ಓದಿದೋನು, ಅವನು ರಜಕ್ಕೆ ಬಂದಾಗ ತರ್ತಿದ್ದ ಅಂಗಡಿ ಬಾಟ್ಲಿಗಿಂತ ಇದ್ರಲ್ಲಿ ಗೆಣಸು ಜಾಸ್ತಿ ಇದೆ ಅಂತ ಅವನೇ ಒಪ್ಕೊಂಡ. ಚೀಸ್ ತುರಿದು ಹಾಕ್ಕೊಂಡು ತಿನ್ನು ಅಂದ, ನಂಗೆ ಅಸಹ್ಯ ಅನ್ನಿಸಿತ್ತು, ಆದ್ರೆ ಆ ಉಪ್ಪು ಸಿಹಿನ ಸರಿಯಾಗಿ ತಡೆಯುತ್ತೆ ಮಾರಾಯ್ರೆ, ಟ್ರೈ ಮಾಡಿ.

ದೂರೂ ಇದೆ. ಮೊದಲ ಸಲ ಬಂದಿದ್ದಕ್ಕೆ ಬೆಣ್ಣೆ ಬದಲು ಮನೆ ತುಪ್ಪ ಹಾಕಿದ್ರು. ತುಪ್ಪ ಏನೋ ಒಳ್ಳೆದೇ, ಘಮ್ ಅನ್ನುತ್ತೆ, ಅದೇ ಪ್ರಾಬ್ಲಮ್ಮು, ಆ ಘಮದ ಮುಂದೆ ಊಬೆದು ಸಣ್ಣ ಪರಿಮಳ ಎಲ್ಲಿ ಉಳಿಯುತ್ತೆ. ವಾಟ್ಸಾಪಲ್ಲಿ ಹೇಳ್ದೆ, ಬೇಜಾರು ಮಾಡ್ಕೊಳ್ದೆ ಮುಂದಿನ ಸಲ ಬೆಣ್ಣೆ ಹಾಕಿ ಕಳ್ಸಿದ್ರು, ಅದು ಪಕ್ಕಾ. ನಿಮಗೂ ಬೆಣ್ಣೆದೇ ಬೇಕು ಅಂತ ಹೇಳಿ ತರಿಸ್ಕೊಳ್ಳಿ. ಸಿಹಿ ನಂಗೆ ಈಗ್ಲೂ ಒಂದು ಕೈ ಜಾಸ್ತಿನೇ, ಕಂಡೆನ್ಸ್ಡ್ ಮಿಲ್ಕ್ ಇದ್ದಮೇಲೆ ಸಕ್ಕರೆ ಅಷ್ಟು ಯಾಕೆ ಅಂತ ಕೇಳಿದ್ರೆ "ಕಮ್ಮಿ ಮಾಡಿದ್ರೆ ಬೇಗ ಹಾಳಾಗುತ್ತಪ್ಪ" ಅಂದ್ರು, ಅದೂ ಸರಿನೇ. ಪ್ಯಾಕಿಂಗ್ ಮಾತ್ರ ಸುಮಾರು. ತೆಳು ಪ್ಲಾಸ್ಟಿಕ್ ಡಬ್ಬಿ, ತೀರ್ಥಹಳ್ಳಿಯಿಂದ ಬಸ್ಸಲ್ಲಿ ಹಾಕಿ ಕಳ್ಸೋದು, ನಾವು ಶಿವಮೊಗ್ಗ ಸ್ಟ್ಯಾಂಡಲ್ಲಿ ಇಳಿಸ್ಕೊಳ್ಬೇಕು, ಮಂಡಗದ್ದೆ ಕಡೆ ತಿರುವಲ್ಲಿ ಕುಲುಕಿ ಕುಲುಕಿ ಮುಚ್ಚಳದ ಸುತ್ತ ಎಣ್ಣೆ ಜಿನುಗಿತ್ತು. ಗಾಜಿನ ಬಾಟ್ಲಿ ಮಾಡಿ, ಇಪ್ಪತ್ತು ರೂಪಾಯಿ ಜಾಸ್ತಿ ತಗೊಳ್ಳಿ ಅಂದಿದೀನಿ.

ಫ್ರಿಜ್ಜಲ್ಲೇ ಇಡಿ, ಪ್ರಿಸರ್ವೇಟಿವ್ ಇಲ್ಲ, ಮಳೆಗಾಲದಲ್ಲಿ ಹೊರಗಿಟ್ರೆ ಬೂಸ್ಟು ಗ್ಯಾರಂಟಿ. ತಣ್ಣಗಿದ್ದಾಗ್ಲೇ ರುಚಿ ಜಾಸ್ತಿ. ಬಿಸಿ ನೀರುದೋಸೆ ಮೇಲೆ ಸವರಿ ಮಡಚಿ ತಿಂದ್ವಿ, ನಮ್ಮನೆ ಮಕ್ಕಳಿಗೆ ಈಗ ಬೆಲ್ಲ ತೆಂಗಿನಕಾಯಿ ಬೇಡವಂತೆ, ಇದೇ ಬೇಕಂತೆ. ವೆನಿಲ್ಲಾ ಐಸ್‌ಕ್ರೀಮ್ ಜೊತೆ ಪರವಾಗಿಲ್ಲ. ಚಪಾತಿ ಜೊತೆ ಬೇಡ.

ವರ್ಷ ಪೂರ್ತಿ ಸಿಗಲ್ಲ ಇದು. ಬಳ್ಳಿ ಒಣಗಿದ್ಮೇಲೆ, ಡಿಸೆಂಬರ್ ಜನವರಿಲಿ ಗೆಣಸು ಅಗೀತಾರೆ, ಅದೂ ಕಾಡುಹಂದಿ ಬಿಟ್ಟಿದ್ರೆ, ಬೇಯ್ಸಿ ತುರಿದು ಫ್ರೀಜರಲ್ಲಿ ಇಟ್ಟಿದ್ದು ಖಾಲಿ ಆಗೋವರೆಗೂ ಮಾಡ್ತಾರೆ, ಆಮೇಲೆ ಇಲ್ಲ ಅಂದ್ರೆ ಇಲ್ಲ. ಪೌಡರ್ ತರಿಸಿ ಮಾಡಿಕೊಡ್ತೀರಾ ಅಂತ ಒಬ್ರು ಕೇಳಿದ್ರಂತೆ, ಆಗಲ್ಲ ಅಂದ್ರಂತೆ. ಸಂಕ್ರಾಂತಿ ಹೊತ್ತಿಗೇ ಹೇಳಿಟ್ಕೊಳ್ಳಿ, ಶಿವಮೊಗ್ಗದೋರು ನಾಲ್ಕೈದು ಮನೆ ಸೇರಿ ಒಂದೇ ಬಾಕ್ಸಲ್ಲಿ ತರಿಸಿದ್ರೆ ಬಸ್ ಚಾರ್ಜೂ ಹಂಚಿ ಹೋಗುತ್ತೆ, ಡಬ್ಬಿಗಳೂ ಅಷ್ಟು ಕುಲುಕಲ್ಲ.