ಮಣಿಕಟ್ಟು ಮುರಿದರೆ ಪ್ಲೇಟೋ, ತಂತಿಯೋ?

ಅಂಗೈ ಊರಿ ಬಿದ್ದು ರೇಡಿಯಸ್ (ಮುಂಗೈಯಲ್ಲಿ ಹೆಬ್ಬೆರಳ ಕಡೆಗಿರುವ) ಮೂಳೆಯ ತುದಿ ಮುರಿದವರಿಗೆ ಈಗ ಮೊದಲು ಕೇಳಿಬರುವುದು ಸ್ಕ್ರೂ ಹಾಕಿ ಕೂರಿಸುವ ಲೋಹದ ಪ್ಲೇಟಿನ ಮಾತೇ. ಎಕ್ಸ್-ರೇಯಲ್ಲಿ ಅದು ಅಚ್ಚುಕಟ್ಟಾಗಿ ಕಾಣುತ್ತದೆ, ನಿಜ. ಆದರೆ ತುಂಡು ಹಿಂಗೈ ಕಡೆಗೆ ವಾಲಿದ್ದು, ಕೈ ಎಳೆದಾಗ ಜಾಗಕ್ಕೆ ಕೂರುವಂತಿದ್ದರೆ ಸಾಮಾನ್ಯವಾಗಿ ಕೆ-ವೈರ್ ಎಂಬ ತಂತಿಯೇ ಸಾಕು. ಬ್ರಿಟನ್ನಿನಲ್ಲಿ ಇಂಥ 461 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ, ಪ್ಲೇಟು-ತಂತಿ ಹೋಲಿಸಿದ ಡ್ರಾಫ್ಟ್ (DRAFFT) ಎಂಬ ಅಧ್ಯಯನದಲ್ಲಿ, ವರ್ಷ ಕಳೆಯುವಷ್ಟರಲ್ಲಿ ಎರಡರ ನಡುವೆ ನೋವಿನಲ್ಲಾಗಲಿ ಕೈ ಬಳಕೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ತಂತಿಗೆ ಖರ್ಚೂ ಕಡಿಮೆ.

ತಂತಿ ಅಂದರೆ ಸುಮಾರು 1.6 ಮಿ.ಮೀ. ದಪ್ಪದ ಎರಡು-ಮೂರು ಕಡ್ಡಿ. ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರದ ಪರದೆ ನೋಡಿಕೊಂಡು ಚರ್ಮದ ಮೂಲಕವೇ ತೂರಿಸಿ, ಮೇಲೆ ಪ್ಲಾಸ್ಟರ್ ಹಾಕುತ್ತಾರೆ. 4ರಿಂದ 6 ವಾರಕ್ಕೆ ಒಪಿಡಿಯಲ್ಲೇ ಎಳೆದು ತೆಗೆಯಬಹುದು. ಅಲ್ಲಿಯತನಕ ಮಣಿಕಟ್ಟು ಆಡಿಸುವಂತಿಲ್ಲ. ತಂತಿಯ ಬುಡ ಕೀವಾಗಬಹುದು, ಹೆಬ್ಬೆರಳ ಹಿಂಬದಿಯ ನರಕ್ಕೆ ತಾಗಿ ಅಲ್ಲಿ ಜೋಮು ಹಿಡಿಯಬಹುದು. ಸವೆದ ಮೂಳೆಯಲ್ಲಿ ಹಿಡಿತ ಸಾಲದೆ ತುಂಡು ಮತ್ತೆ ಕುಸಿಯುವುದೂ ಉಂಟು.

ಪ್ಲೇಟು ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಕೀಲಿನ ಮೈ 2 ಮಿ.ಮೀ.ಗಿಂತ ಹೆಚ್ಚು ಮೆಟ್ಟಿಲಾಗಿ ಎಳೆತಕ್ಕೆ ಕೂರದಿದ್ದಾಗ, ಇಲ್ಲವೇ ತುಂಡು ಅಂಗೈ ಕಡೆಗೆ ಜಾರಿದಾಗ. ಸುಮಾರು ಎರಡು ವಾರಕ್ಕೆ ಮಣಿಕಟ್ಟು ಆಡಿಸಲು ಬಿಡುವುದು ಇದರ ದೊಡ್ಡ ಅನುಕೂಲ. ಬೇಗ ಕೆಲಸಕ್ಕೆ ಮರಳಬೇಕಾದವರಿಗೆ ಅದು ಸಣ್ಣ ಮಾತಲ್ಲ.

ಕೆಡುವುದು ಎಲ್ಲಿ? ಪ್ಲೇಟನ್ನು ಮೂಳೆಯ ಅಂಗೈ ಬದಿಯ ಅಂಚು ದಾಟಿಸಿ ಕೂರಿಸಿದರೆ ಹೆಬ್ಬೆರಳು ಮಡಚುವ ಸ್ನಾಯುರಜ್ಜು ಅದಕ್ಕೆ ಉಜ್ಜಿ ಉಜ್ಜಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಹರಿಯಬಹುದು. ಹೆಬ್ಬೆರಳ ತುದಿ ಮಡಚುವಾಗ ಕರಕರ ಅನಿಸಿದರೆ, ನೋವಾದರೆ ತಡಮಾಡದೆ ತೋರಿಸಬೇಕು. ಹರಿಯುವ ಮೊದಲೇ ಪ್ಲೇಟು ತೆಗೆಸಬಹುದು. ಉದ್ದದ ಸ್ಕ್ರೂ ಹಿಂಬದಿಗೆ ಚುಚ್ಚಿ ಬಂದರೆ ಹೆಬ್ಬೆರಳು ಎತ್ತುವ ಸ್ನಾಯುರಜ್ಜಿಗೆ ಅದೇ ಗತಿ. ಪಕ್ಕದಿಂದ ತೆಗೆದ ಎಕ್ಸ್-ರೇಯಲ್ಲಿ ಮೂಳೆಯ ಉಬ್ಬು ಅಡ್ಡ ಬಂದು ಸ್ಕ್ರೂವಿನ ಈ ತುದಿ ಕಾಣುವುದಿಲ್ಲ. ಮಣಿಕಟ್ಟು ಪೂರ್ತಿ ಮಡಚಿ ಮೂಳೆಯ ಹಿಂಬದಿಯ ಅಂಚು ಕಾಣುವ ಸ್ಕೈಲೈನ್ ಎಂಬ ಎಕ್ಸ್-ರೇ ಚಿತ್ರ ತೆಗೆದು ನೋಡಬೇಕು. ಕೀಲಿನ ಬಳಿ ಅಳತೆಗಿಂತ 2 ಮಿ.ಮೀ. ಗಿಡ್ಡ ಸ್ಕ್ರೂ ಹಾಕುವುದೇ ಕ್ಷೇಮ.

ಹೊರಗಿನ ಫಿಕ್ಸೇಟರ್ (ಮೂಳೆಗೆ ಹಾಕಿದ ಪಿನ್ನುಗಳನ್ನು ಕೈಯ ಹೊರಗೆ ಬಿಗಿಯುವ ಫ್ರೇಮ್) ಇಂದು ಹೆಚ್ಚಾಗಿ ಕೊಳೆ ಸೇರಿದ ತೆರೆದ ಗಾಯಕ್ಕೆ, ನುಚ್ಚಾದ ಮೂಳೆಗೆ. ಅತಿಯಾಗಿ ಎಳೆದು ಬಿಗಿದರೆ ಬೆರಳುಗಳು ಸೆಟೆದುಕೊಳ್ಳುತ್ತವೆ. ಹಾಗಾಗಿ ಫ್ರೇಮ್ ಬಿಗಿದ ಕೂಡಲೇ, ಟೇಬಲ್ ಮೇಲಿರುವಾಗಲೇ, ಬೆರಳುಗಳು ಸಲೀಸಾಗಿ ಮುಷ್ಟಿ ಕಟ್ಟುತ್ತವೆಯೇ ಎಂದು ಮಡಚಿ ನೋಡಬೇಕು.